ತುದಿಯಲ್ಲೇ ಜೀವ

ಗೌರಿ ಹೂವಿನ ಬಳ್ಳಿ ಇವತ್ತು ಬೆಳಿಗ್ಗೆ ತೊಗರಿ ಕಡ್ಡಿಯನ್ನು ಹಿಡಿದುಕೊಂಡಿತು. ನಿನ್ನೆ ಸಂಜೆ ಎಲೆಯ ತುದಿ ಬರೀ ಗಾಳಿಯಲ್ಲಿ ಬಾಗಿಕೊಂಡಿತ್ತು. ಈಗ ನೋಡಿದರೆ ಕಡ್ಡಿಗೆ ಒಂದು ಸುತ್ತು ಹಾಕಿ ಬಿಗಿದಿದೆ. ಆರಿದ್ರಾ ಮಳೆ ಹಿಡಿದಾಗ ಪ್ರತಿ ವರ್ಷ ನಡೆಯುವುದೇ ಇದು. ಆದರೂ ಹೂ ಅರಳಿದಾಗ ಕೂಡ ನನಗೆ ಇಷ್ಟು ಸಂತೋಷ ಆಗುವುದಿಲ್ಲ.

ಹತ್ತುವುದಕ್ಕೆಂದು ಈ ಬಳ್ಳಿಗೆ ಬೇರೆ ಕುಡಿ ಇಲ್ಲ. ಎಲೆಯೇ ಸಣ್ಣಗಾಗುತ್ತ ಹೋಗಿ ಕೊಕ್ಕೆಯಾಗುತ್ತದೆ. ಹತ್ತುವ ಗಿಡಗಳ ಬಗ್ಗೆ ಡಾರ್ವಿನ್ 1865ರಲ್ಲಿ ಪ್ರಕಟಿಸಿದ ದೀರ್ಘ ಲೇಖನದಲ್ಲಿ ಇದೇ ಕುಲದ ಬಳ್ಳಿಯೊಂದರ ವಿವರ ಬರುತ್ತದೆ: ಮುಟ್ಟಿದ್ದು ತಿಳಿಯುವುದು ಕೊಕ್ಕೆಯ ಒಳಮೈಗೆ ಮಾತ್ರ. ಸಸಿ ಗೇಣುದ್ದ ಇರುವಾಗ ಕೊಕ್ಕೆಯೇ ಇರುವುದಿಲ್ಲ; ತನ್ನ ಕಾಲ ಮೇಲೆ ತಾನೇ ನಿಂತಿರುತ್ತದೆ. ಆಸರೆ ಬೇಕಾದ ಎತ್ತರಕ್ಕೆ ಬಂದ ಮೇಲಷ್ಟೇ ಎಲೆಯ ತುದಿ ಬಾಗತೊಡಗುತ್ತದೆ.

ಇಂಥ ಬಳ್ಳಿಯನ್ನು ನಮ್ಮ ಕೈತೋಟದ ಬಳಗದವರು ಪ್ಲಾಸ್ಟಿಕ್ ದಾರದಿಂದ ಕಬ್ಬಿಣದ ಪೈಪಿಗೆ ಕಟ್ಟುತ್ತಾರೆ. ಎಷ್ಟು ಹೇಳಿದರೂ ಕೇಳುವುದಿಲ್ಲ. ಅಷ್ಟು ದಪ್ಪದ, ಅಷ್ಟು ನುಣ್ಣಗಿನ ಪೈಪನ್ನು ಆ ಎಳೆ ತುದಿ ಹೇಗೆ ಹಿಡಿದೀತು? ಗಾಳಿ ಬೀಸಿದಾಗ ದಾರ ಬಿಗಿದ ಜಾಗದಲ್ಲೇ ಕಾಂಡ ಮುರಿಯುತ್ತದೆ. ಕವಲು ಉಳಿಸಿಕೊಂಡ ಒಣ ತೊಗರಿ ಗಿಡವನ್ನು ಪಕ್ಕದಲ್ಲಿ ಊರಿಬಿಡಿ, ಸಾಕು. ಕಡ್ಡಿ ಪೆನ್ಸಿಲ್‌ಗಿಂತ ತೆಳ್ಳಗಿರಲಿ. ಬಳ್ಳಿಯನ್ನು ಕೈಯಿಂದ ಸುತ್ತಿಸಲು ಹೋಗಬೇಡಿ. ಅದರ ಕೆಲಸ ಅದಕ್ಕೆ ಗೊತ್ತು.

ನೆಲದೊಳಗೂ ಜೀವ ಇರುವುದು ತುದಿಯಲ್ಲೇ. ಗಡ್ಡೆಗೆ ಎರಡು ತೋಳು, ಒಂದೊಂದು ತೋಳಿನ ಕೊನೆಗೆ ಒಂದೇ ಮೊಳಕೆಗಣ್ಣು. ಆ ಕಣ್ಣು ಮುರಿದರೆ ಗಡ್ಡೆ ಎಷ್ಟೇ ದಪ್ಪ ಇರಲಿ, ನೆಟ್ಟೂ ಉಪಯೋಗವಿಲ್ಲ. ಹಾಗಾಗಿ ಇದನ್ನು ಆಲೂಗಡ್ಡೆಯಂತೆ ಹೋಳು ಮಾಡುವ ಹಾಗಿಲ್ಲ. ಎಲೆ ಹಳದಿಯಾಗಿ ಕಾಂಡ ತಾನಾಗಿ ಕಳಚಿಕೊಂಡ ಮೇಲೆ, ಗುದ್ದಲಿ ಬದಿಗಿಟ್ಟು ಬೆರಳಿನಿಂದಲೇ ಮಣ್ಣು ಬಿಡಿಸುತ್ತೇನೆ. ಎರಡು ತೋಳು ಕೂಡುವಲ್ಲಿ ಬೇರ್ಪಡಿಸಿ, ಒಣ ಮರಳಿನಲ್ಲಿಟ್ಟು, ಮೇ ಕೊನೆಯಲ್ಲಿ ಎರಡು ಮೂರು ಇಂಚು ಆಳದಲ್ಲಿ ಅಡ್ಡಡ್ಡ ಮಲಗಿಸುತ್ತೇನೆ. 50–60 ಗ್ರಾಂ ತೂಗುವ ತೋಳಾದರೆ ಅದೇ ಮಳೆಗಾಲಕ್ಕೆ ಹೂ ಕೊಡುತ್ತದೆ. ಬೇಸಿಗೆಯಲ್ಲಿ ಬರಿದಾಗಿ ಕಾಣುವ ಕುಂಡಕ್ಕೆ ದಿನಾ ನೀರು ಹಾಕಿದರೆ ಒಳಗಿನ ಗಡ್ಡೆ ಕೊಳೆಯುತ್ತದೆ, ಅಷ್ಟೇ.

ಇಷ್ಟಾದರೂ ಸಹಿಸಬಲ್ಲೆ. ಸಹಿಸಲಾಗದ್ದು ಬೇಲಿಯಲ್ಲಿ ಹೂ ಬಿಟ್ಟ ಬಳ್ಳಿಯನ್ನು ಗಡ್ಡೆ ಸಮೇತ ಕಿತ್ತು ತರುವವರನ್ನು. ಹೂವಿನ ಹೊತ್ತಿಗೆ ಹಳೆಯ ಗಡ್ಡೆ ಸೊರಗಿರುತ್ತದೆ, ಹೊಸದು ಇನ್ನೂ ಬಲಿಯುತ್ತಿರುತ್ತದೆ. ಆಗ ಕಿತ್ತರೆ ಬೇಲಿಯಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಇದು ತಮಿಳುನಾಡಿನ ರಾಜ್ಯಪುಷ್ಪ. ಅಲ್ಲಿ ಬೀಜಕ್ಕಾಗಿಯೇ ಇದನ್ನು ಹೊಲದಲ್ಲಿ ಬೆಳೆಯುತ್ತಾರೆ. ಗೌಟ್ ಎಂಬ ಕೀಲುಬೇನೆಗೆ ಕೊಡುವ ಕಾಲ್ಚಿಸಿನ್ ಸಿಗುವುದು ಆ ಬೀಜದಿಂದ. ಆ ಹೊಲಗಳಿಗೂ ಕಾಡಿನ ಗಡ್ಡೆಗಳನ್ನು ಅಗೆದು ತಂದಿದ್ದಾರೆ. ಬೆಳೆಗಾರನಿಗಾದರೆ ಹೊಟ್ಟೆಪಾಡು. ಅಂದಕ್ಕೆ ಬೆಳೆಸುವ ನಮಗೆ ಏನು ಬಂದಿದೆ? ಹೀಗೆ ಕೀಳುವವರನ್ನು ಗಿಡಪ್ರೇಮಿಗಳೆಂದು ನಾನು ಕರೆಯಲಾರೆ.

ಗಿಡ ಹೆಚ್ಚಬೇಕೆಂದರೆ ಬೀಜ ಕಟ್ಟಿಸಿ. ಈ ಹೂವಿನ ಶಲಾಕೆ ಬುಡದಲ್ಲೇ ಅಡ್ಡಕ್ಕೆ ತಿರುಗಿ ಕೇಸರಗಳಿಂದ ದೂರ ಸರಿದಿರುತ್ತದೆ. ಚಿಟ್ಟೆ, ಸೂರಕ್ಕಿ ಬಾರದ ಊರಿನಂಗಳದಲ್ಲಿ ಕಾಯಿ ಕಟ್ಟುವುದು ಕಡಿಮೆ. ಬೆಳಗಿನ ಹೊತ್ತು ಪರಾಗ ಒಡೆದ ಕೇಸರವೊಂದನ್ನು ಬಿಡಿಸಿಕೊಂಡು, ಪಕ್ಕದ ಬಳ್ಳಿಯ ಹೂವಿನ ಶಲಾಕೆಯ ಮೂರು ಸೀಳಿನ ತುದಿಗೆ ಮೆಲ್ಲಗೆ ಒರೆಸಿ. ಕಾಯಿ ಒಣಗಿ ಬಿರಿದಾಗ ಒಳಗೆ ಕೆಂಪು ಬೀಜಗಳ ಸಾಲು ಕಾಣುತ್ತದೆ. ಗಡ್ಡೆಯಂತೆ ಬೀಜವೂ ವಿಷ. ಮಕ್ಕಳ ಕೈಗೆ ಸಿಗದಂತೆ ಎತ್ತಿಡಬೇಕು, ಮುಟ್ಟಿದ ಕೈ ತೊಳೆಯಬೇಕು.

ಬೀಜ ಮೊಳೆಯಲು ತಿಂಗಳುಗಳೇ ಬೇಕು, ಹೂವಿಗೆ ಮೂರು ನಾಲ್ಕು ವರ್ಷ. ಅಷ್ಟು ದಿನ ಯಾರು ಕಾಯುತ್ತಾರೆ ಎನ್ನುವವರಿಗೆ ನನ್ನ ಉತ್ತರ ಒಂದೇ: ನೀವು ಕಿತ್ತು ತಂದ ಬೇಲಿಯ ಬಳ್ಳಿಯೂ ಅಷ್ಟೇ ವರ್ಷ ಕಾದು ಹೂ ಬಿಟ್ಟದ್ದು.