ಹತ್ತು ವರ್ಷಕ್ಕೆ 600: ಒಂದು ಅಂದಾಜಿನ ಸುತ್ತ ಟಿಪ್ಪಣಿಗಳು

1934. ಕ್ಯಾಲಿಫೋರ್ನಿಯಾದ ಹಣ್ಣು ಬೆಳೆಗಾರರ ಸಹಕಾರ ಸಂಸ್ಥೆಯಲ್ಲಿದ್ದ ರಸಾಯನತಜ್ಞ ಗ್ಲೆನ್ ಜೋಸೆಫ್ ತಮ್ಮ ಹಳೆಯ ಸಹಪಾಠಿ ಆರ್ನಲ್ಡ್ ಬೆಕ್‌ಮನ್ ಹತ್ತಿರ ಬರುತ್ತಾರೆ. ಬೆಕ್‌ಮನ್ ಆಗ ಕ್ಯಾಲ್‌ಟೆಕ್‌ನಲ್ಲಿ ಮೇಷ್ಟ್ರು. ನಿಂಬೆರಸದ ಹುಳಿ ಎಷ್ಟೆಂದು ಅಳೆಯಬೇಕು, ಆಗುತ್ತಿಲ್ಲ. ರಸ ಕೆಡದಿರಲೆಂದು ಹಾಕಿದ ಸಲ್ಫರ್ ಡೈಆಕ್ಸೈಡ್ ಲಿಟ್ಮಸ್ಸಿನ ಬಣ್ಣವನ್ನೇ ತೆಗೆದುಬಿಡುತ್ತದೆ, ಹೈಡ್ರೋಜನ್ ಎಲೆಕ್ಟ್ರೋಡನ್ನೂ ಹಾಳುಮಾಡುತ್ತದೆ. ಉಳಿದದ್ದು ಗಾಜಿನ ಎಲೆಕ್ಟ್ರೋಡ್. ತೆಳುವಾಗಿ ಮಾಡಿದರೆ ಒಡೆಯುತ್ತದೆ. ದಪ್ಪ ಮಾಡಿದರೆ ಅದರ ವಿದ್ಯುತ್ತು ಗ್ಯಾಲ್ವನೋಮೀಟರಿನ ಮುಳ್ಳನ್ನು ಅಲ್ಲಾಡಿಸಲೂ ಸಾಲದು.

ಬೆಕ್‌ಮನ್ ಗ್ಯಾಲ್ವನೋಮೀಟರಿನ ಗೊಡವೆಯನ್ನೇ ಬಿಟ್ಟರು. ರೇಡಿಯೋಗಳಲ್ಲಿ ಇರುತ್ತಿದ್ದಂಥ ವಾಲ್ವುಗಳನ್ನು ಜೋಡಿಸಿ ಆ ಸಣ್ಣ ವಿದ್ಯುತ್ತನ್ನು ಹಿಗ್ಗಿಸಿದರು. ದಪ್ಪ ಗಾಜೇ ಸಾಕಾಯಿತು. ಕೆಲವು ಕಾಲ ಕಳೆದು ಜೋಸೆಫ್ ಮತ್ತೆ ಬಂದು ಇನ್ನೊಂದು ಮಾಡಿಕೊಡಿ ಎಂದರು. ಮೊದಲನೆಯದು ಅವರ ಕೈಗೇ ಸಿಗುತ್ತಿರಲಿಲ್ಲ, ಜೊತೆಯವರು ಒಯ್ಯುತ್ತಲೇ ಇದ್ದರು.

ಹುಳಿ ಅಳೆಯುವ ಈ ಪಿಎಚ್ ಮೀಟರ್ ಹುಟ್ಟಿದ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಈ ಎರಡನೆಯ ಭೇಟಿ. ಬೆಕ್‌ಮನ್‌ರ ಉಪಕರಣ ವ್ಯಾಪಾರ ಹುಟ್ಟಿದ್ದು ಅಲ್ಲಿ.

•

ಬೆಕ್‌ಮನ್ ಆ ಪೆಟ್ಟಿಗೆಯನ್ನು ಹೊತ್ತು ಪ್ರಯೋಗಾಲಯ ಸಾಮಗ್ರಿ ಮಾರುವವರನ್ನು ಹುಡುಕಿ ಊರೂರು ಸುತ್ತಿದರು. ಬೆಲೆ 195 ಡಾಲರ್. ಆ ಕಾಲಕ್ಕೆ ದುಬಾರಿ. ಫಿಲಡೆಲ್ಫಿಯಾದ ಹೆಸರಾಂತ ವ್ಯಾಪಾರಿ ಸಂಸ್ಥೆಯೊಂದು, ಹತ್ತು ವರ್ಷದಲ್ಲಿ 600 ಮಾರಾಟವಾದೀತು ಎಂದು ಅಂದಾಜು ಹಾಕಿತು. 1936ರ ಒಂದೇ ವರ್ಷದಲ್ಲಿ 444 ಹೋದವು.

ಅಂದಾಜು ಹಾಕಿದವರು ಆ ವ್ಯಾಪಾರದಲ್ಲಿ ಪಳಗಿದವರು. ಯಾವ ಪ್ರಯೋಗಾಲಯ ಏನು ಕೊಳ್ಳುತ್ತದೆ ಎಂಬುದು ಅವರಿಗೆ ಬಾಯಿಪಾಠ. ಹಾಗಿದ್ದೂ ಲೆಕ್ಕ ಇಷ್ಟು ದೂರ ತಪ್ಪಿದ್ದು ಹೇಗೆ? ನನಗೆ ತೋಚುವುದು ಇಷ್ಟು: ಅವರು ಆಗ ಆಮ್ಲತೆ ಅಳೆಯುತ್ತಿದ್ದವರನ್ನು ಮಾತ್ರ ಎಣಿಸಿದರು. ಕಷ್ಟವೆಂದು ಅಳೆಯುವುದನ್ನೇ ಕೈಬಿಟ್ಟಿದ್ದವರು ಯಾರ ಪುಸ್ತಕದಲ್ಲೂ ಇರಲಿಲ್ಲ.

ಅದೇ ಬೆಕ್‌ಮನ್ ಕಂಪನಿ 1941ರಲ್ಲಿ ಡಿಯು ಸ್ಪೆಕ್ಟ್ರೋಫೋಟೋಮೀಟರ್ ತಂದಿತು. ನೇರಳಾತೀತ ಬೆಳಕನ್ನು ದ್ರಾವಣ ಎಷ್ಟು ಹೀರಿತೆಂದು ಹೇಳುವ ಯಂತ್ರ. ಡಿಎನ್‌ಎಯಲ್ಲಿ ಅಡೆನಿನ್ ಎಷ್ಟೋ ಥೈಮಿನ್ ಸುಮಾರು ಅಷ್ಟೇ ಎಂದು ಎರ್ವಿನ್ ಚಾರ್ಗಾಫ್ ಕಂಡುಕೊಂಡದ್ದು ಇಂಥದ್ದನ್ನು ಬಳಸಿ. 1941ರಲ್ಲಿ ಕೂತು ಆ ಗಿರಾಕಿಯನ್ನು ಯಾರು ಎಣಿಸಿಯಾರು?

•

ತನಗೆಂದು ಮಾಡಿಕೊಂಡದ್ದು ಕಂಪನಿಯ ಸರಕಾದ ಇನ್ನೊಂದು ಕಥೆ ಪಿಪೆಟ್ಟಿನದು. ಗಾಜಿನ ಕೊಳವೆಯಲ್ಲಿ ದ್ರಾವಣವನ್ನು ಬಾಯಿಂದ ಹೀರುತ್ತಿದ್ದರು, ವಿಷವಾದರೂ ರೋಗಾಣುವಾದರೂ. 1957ರಲ್ಲಿ ಜರ್ಮನಿಯ ಮಾರ್‌ಬುರ್ಗ್‌ನಲ್ಲಿ ಹೈನ್ರಿಷ್ ಷ್ನಿಟ್ಗರ್ ಬೇಸತ್ತು, ಸ್ಪ್ರಿಂಗು, ಪಿಸ್ಟನ್ನು, ಬಿಚ್ಚಿ ಬಿಸಾಡುವ ಪ್ಲಾಸ್ಟಿಕ್ ತುದಿ ಸೇರಿಸಿ ಹೊಸದನ್ನು ಮಾಡಿಕೊಂಡರು. ಅದನ್ನು ಜಗತ್ತಿನ ಮೇಜುಗಳಿಗೆ ತಲುಪಿಸಿದ್ದು ಹ್ಯಾಂಬರ್ಗ್‌ನ ಎಪ್ಪೆಂಡಾರ್ಫ್ ಕಂಪನಿ.

•

1970ರ ದಶಕದ ಆರಂಭ. ಡಿಎನ್‌ಎ ಕತ್ತರಿಸುವ ರೆಸ್ಟ್ರಿಕ್ಷನ್ ಕಿಣ್ವ ಬೇಕಿದ್ದವರು ತಾವೇ ಬ್ಯಾಕ್ಟೀರಿಯಾ ಬೆಳೆಸಿ, ಒಡೆದು, ಕೋಲ್ಡ್ ರೂಮಿನಲ್ಲಿ ಕಾಲಂ ಮೇಲೆ ಕಾಲಂ ಓಡಿಸಿ ಶುದ್ಧಿ ಮಾಡಿಕೊಳ್ಳಬೇಕಿತ್ತು. ಇವನ್ನು ತಯಾರಿಸಿ ಮಾರಬಹುದಲ್ಲ ಎಂದು ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನ ರಿಚರ್ಡ್ ರಾಬರ್ಟ್ಸ್ ತಮ್ಮ ನಿರ್ದೇಶಕ ಜೇಮ್ಸ್ ವಾಟ್ಸನ್‌ರನ್ನು ಕೇಳಿದರು. ಅದರಲ್ಲಿ ದುಡ್ಡಿಲ್ಲ ಎಂದು ವಾಟ್ಸನ್ ಒಪ್ಪಲಿಲ್ಲ. ಡಿಎನ್‌ಎ ರಚನೆಯನ್ನೇ ಕಂಡವರಿಗೂ ಹಾಗನ್ನಿಸಿತ್ತು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಹಾರ್ವರ್ಡ್ ಮೆಡಿಕಲ್ ಸ್ಕೂಲಿನಲ್ಲಿದ್ದ ಡೊನಾಲ್ಡ್ ಕೋಂಬ್ ಅದೇ ಕೆಲಸಕ್ಕೆ ಕೈಹಾಕಿದರು: ನ್ಯೂ ಇಂಗ್ಲೆಂಡ್ ಬಯೋಲ್ಯಾಬ್ಸ್. ರಾಬರ್ಟ್ಸ್ ಸಲಹೆಗಾರರಾದರು, 1992ರಲ್ಲಿ ಅಲ್ಲಿಗೇ ಕೆಲಸಕ್ಕೆ ಬಂದರು. ಮರುವರ್ಷ ಅವರಿಗೆ ನೊಬೆಲ್ ಬಂದಾಗ ಅವರಿದ್ದದ್ದು ಕಿಣ್ವ ಮಾರುವ ಕಂಪನಿಯಲ್ಲಿ. ಗಿರಾಕಿಗಳ ಹಾಗೆ ತಾನೂ ಸಂಶೋಧನೆ ಮಾಡುವ ಅಂಗಡಿ! ಲಾಭವನ್ನು ಮತ್ತೆ ವಿಜ್ಞಾನಕ್ಕೇ ಸುರಿಯುವ ಈ ಬಗೆಯ ವ್ಯಾಪಾರವನ್ನು ನಾನು ತುಂಬ ಗೌರವಿಸುತ್ತೇನೆ.

•

ಆ ಕಿಣ್ವದ ಟ್ಯೂಬನ್ನು ಹತ್ತಿರದಿಂದ ನೋಡಬೇಕು. ಕಿರುಬೆರಳಿಗಿಂತ ಚಿಕ್ಕದು, ತಳದಲ್ಲಿ ನಾಲ್ಕು ಹನಿ. ಅರ್ಧಕ್ಕರ್ಧ ಗ್ಲಿಸರಾಲ್ ಇರುವುದರಿಂದ ಮೈನಸ್ 20 ಡಿಗ್ರಿಯಲ್ಲೂ ಗಟ್ಟಿಯಾಗದೆ ತೆಳು ಬೆಲ್ಲದ ಪಾಕದಂತೆ ಜಾರುತ್ತದೆ, ಪಿಪೆಟ್ ತುದಿಯ ಹೊರಮೈಗೆ ಅಂಟಿಕೊಳ್ಳುತ್ತದೆ. ಅದರ ಅಳತೆ ಯೂನಿಟ್ಟಿನಲ್ಲಿ: ಒಂದು ಗಂಟೆಯಲ್ಲಿ ಒಂದು ಮೈಕ್ರೋಗ್ರಾಂ ಡಿಎನ್‌ಎಯನ್ನು ಪೂರ್ತಿ ಕತ್ತರಿಸಿದರೆ ಅದು ಒಂದು ಯೂನಿಟ್. ತಂಪು ಬಾಕ್ಸಿನಿಂದ ಹೊರಗಿಟ್ಟು ಮರೆತರೆ ಹಾಳು.

ವಿದೇಶದಿಂದ ಬರುವ ಇಂಥ ಮಾಲು ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ಡ್ರೈ ಐಸ್ ಆವಿಯಾಗುವುದರೊಳಗೆ ಕಸ್ಟಮ್ಸ್ ದಾಟಬೇಕು. 1989ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ವಿಜ್ಞಾನಿ ಪಿ. ಬಾಬು ಬೆಂಗಳೂರು ಜೀನೈ ಎಂಬ ಕಂಪನಿ ಕಟ್ಟಿದರು. ಲೇತ್ ಮತ್ತು ಎರಕದ ಶೆಡ್ಡುಗಳ ಪೀಣ್ಯದಲ್ಲಿ, ಡಿಎನ್‌ಎ ಕತ್ತರಿಸುವ ಕಿಣ್ವ ತಯಾರಾಗತೊಡಗಿತು.

ಪೀಣ್ಯ ಹತ್ತಿರ, ಡ್ರೈ ಐಸ್ ಚಿಂತೆ ಇಲ್ಲ, ಬೆಲೆ ರೂಪಾಯಿಯಲ್ಲಿ. ಆದರೂ ಇಲ್ಲೇ ತಯಾರಿಸುವ ಹೊಸಬರಿಗೆ ದಾರಿ ಕಡಿದು. ಪ್ರಯೋಗ ಕೆಟ್ಟರೆ ವಿದ್ಯಾರ್ಥಿ ಮೊದಲು ತನ್ನ ಕೈಯನ್ನು ಅನುಮಾನಿಸುತ್ತಾನೆ. ಟ್ಯೂಬು ಹೊಸಬರದ್ದಾದರೆ ಟ್ಯೂಬನ್ನು. ಆರು ತಿಂಗಳ ದುಡಿಮೆಯನ್ನು ನೂರಿನ್ನೂರು ರೂಪಾಯಿ ಉಳಿತಾಯಕ್ಕೆ ಯಾರೂ ಪಣಕ್ಕಿಡುವುದಿಲ್ಲ. ಅದು ಸರಿಯಾದ ಎಚ್ಚರಿಕೆಯೇ. ಆಮೇಲೆ ಖರೀದಿ ವಿಭಾಗ: ಮೂರು ಕೊಟೇಶನ್ ತನ್ನಿ. ಜಗತ್ತಿನಲ್ಲಿ ಒಬ್ಬರೇ ಮಾಡುವ ಉಪಕರಣಕ್ಕೆ ಮೂರು ಕೊಟೇಶನ್ ಎಲ್ಲಿಂದ? ಮಾಡುವವರು ಇವರೊಬ್ಬರೇ ಎಂಬ ಪ್ರೊಪ್ರೈಟರಿ ಸರ್ಟಿಫಿಕೇಟ್ ಬರೆದು ಆ ಬಾಗಿಲು ದಾಟಬಹುದು. ಅದರಾಚೆ ಹಲವೊಮ್ಮೆ ಟೆಂಡರಿನ ಇನ್ನೊಂದು ಷರತ್ತು ನಿಂತಿರುತ್ತದೆ: ಇದೇ ವಸ್ತುವನ್ನು ಈ ಹಿಂದೆ ಎಲ್ಲೆಲ್ಲಿ ಪೂರೈಸಿದ್ದೀರಿ, ಪಟ್ಟಿ ಲಗತ್ತಿಸಿ. ಮೊದಲ ಯಂತ್ರವನ್ನು ಮಾರಲು ಬಂದವರು ಆ ಕಾಗದದಲ್ಲಿ ಏನು ಬರೆಯಬೇಕು?