ಕೆಮ್ಮೂ ಆಸನವೂ

ಮೈಸೂರಿನಲ್ಲಿ ನಾಲ್ಕು ಜನರ ನಡುವೆ ಒಮ್ಮೆ ಕೆಮ್ಮಿ ನೋಡಿ. ಕಷಾಯ ಹೇಳುವವರು ಒಬ್ಬರಾದರೆ ಪ್ರಾಣಾಯಾಮ ಹೇಳುವವರು ಮೂವರು. ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರು 1933ರಲ್ಲಿ ಯೋಗಶಾಲೆ ನಡೆಸಲು ತೊಡಗಿದ ಊರಲ್ಲವೆ, ಇಲ್ಲಿ ಆ ವಿಷಯದಲ್ಲಿ ಎಲ್ಲರೂ ಪಂಡಿತರೇ. ಇಂಥ ಉಚಿತ ಸಲಹೆಗಳನ್ನು ಅತಿ ಹೆಚ್ಚು ಕೇಳಿರುವವನು ನನ್ನ ಅಕ್ಕನ ಮಗನೇ ಇರಬೇಕು. ವಯಸ್ಸು 29, ಬ್ಯಾಂಕಿನಲ್ಲಿ ಕೆಲಸ, ಕೆಮ್ಮು ಹುಟ್ಟಿನಿಂದ ಬಂದದ್ದು.

ಅವನ ಕಾಯಿಲೆಯ ಹೆಸರು ಸಿಸ್ಟಿಕ್ ಫೈಬ್ರೋಸಿಸ್. ತಂದೆ ತಾಯಿ ಇಬ್ಬರಿಂದಲೂ ಒಂದೊಂದು ದೋಷದ ಜೀನು ಬಂದಾಗ ಮಾತ್ರ ಬರುವ ರೋಗ. ಜೀವಕೋಶಗಳಲ್ಲಿ ಉಪ್ಪು ನೀರುಗಳ ಹೋಗುಬರವು ಕೆಟ್ಟು, ಶ್ವಾಸನಾಳದ ಕಫ ಹಲಸಿನ ಮೇಣದಂತಾಗುತ್ತದೆ. ಅಲ್ಲಿ ರೋಗಾಣುಗಳು ಸಂಸಾರ ಹೂಡುತ್ತವೆ. ಮೇದೋಜೀರಕ ಗ್ರಂಥಿಯ ನಾಳವೂ ಕಟ್ಟಿಕೊಳ್ಳುವುದರಿಂದ, ಊಟದ ಜೊತೆಗೆ ಗುಳಿಗೆ ನುಂಗದಿದ್ದರೆ ತಿಂದ ತುಪ್ಪವೆಲ್ಲ ದಂಡ. ಬೆವರು ಮಾತ್ರ ವಿಪರೀತ ಉಪ್ಪು. 1948ರಲ್ಲಿ ನ್ಯೂಯಾರ್ಕಿನಲ್ಲಿ ಸೆಕೆ ಮಿತಿಮೀರಿದಾಗ ಇಂಥ ಮಕ್ಕಳು ಹೆಚ್ಚಾಗಿ ಬಳಲಿ ಆಸ್ಪತ್ರೆ ಸೇರಿದರು. ಡಾಕ್ಟರ್ ಡಿ ಸಾಂತ್ ಆಗ್ನೀಸ್ ಅದರ ಬೆನ್ನು ಹತ್ತಿ 1953ರಲ್ಲಿ ಬೆವರಿನ ಗುಟ್ಟನ್ನು ಪ್ರಕಟಿಸಿದರು. ಇಂದಿಗೂ ಪತ್ತೆಗೆ ಬೆವರಿನ ಪರೀಕ್ಷೆಯೇ ಮುಖ್ಯ.

ನಮ್ಮಕ್ಕನಿಗೆ ಆ ಗುಟ್ಟು ಯಾವ ಪರೀಕ್ಷೆಯೂ ಇಲ್ಲದೆ ಗೊತ್ತಿತ್ತು. "ಮಗೂಗೆ ಮುತ್ತು ಕೊಟ್ಟರೆ ಉಪ್ಪಿನ ಹರಳು ನೆಕ್ಕಿದ ಹಾಗಾಗುತ್ತೆ ಕಣೋ" ಎನ್ನುತ್ತಿದ್ದಳು. ಕೇಳುವವರು ಬೇಕಲ್ಲ! ಇದು ಬಿಳಿಯರ ರೋಗವೆಂಬ ನಂಬಿಕೆ. ಒಂದು ಆಸ್ಪತ್ರೆ ಆಸ್ತಮಾ ಎಂದಿತು, ಇನ್ನೊಂದು ಕ್ಷಯದ ಮದ್ದು ಕೊಟ್ಟಿತು. ಹೀಗೆ ಎಂಟು ವರ್ಷ ಹೋಯಿತು.

ಅವನು ಯೋಗಾಭ್ಯಾಸ ಮಾಡುವುದು ನಿಜ, ಆದರೆ ಸಲಹೆಗಾರರು ನೆನೆಸಿದ ಹಾಗಲ್ಲ. ಬೆಳಗ್ಗೆ ಮೊದಲು ಯಂತ್ರದಿಂದ ಉಪ್ಪುನೀರಿನ ಆವಿಯಂಥ ಹನಿಗಳನ್ನು ಎಳೆದುಕೊಳ್ಳಬೇಕು. ಬಳಿಕ ಕನ್ನಡಿಗೆ ಹಬೆ ಹಿಡಿಸುವವರಂತೆ ಬಾಯಿ ತೆರೆದು ಹಾ ಎಂದು ಉಸಿರು ನೂಕಿ ಕಫವನ್ನು ಮೇಲಕ್ಕೆ ತರಬೇಕು. ಆಸನದ ಸರದಿ ಆಮೇಲೆ. ವರ್ಷಗಟ್ಟಲೆ ಕೆಮ್ಮಿದವರ ಬೆನ್ನು ಬಾಗುತ್ತದೆ, ಪಕ್ಕೆಲುಬುಗಳು ಬಿಗಿಯುತ್ತವೆ. ಭುಜಂಗಾಸನದಲ್ಲಿ ಎದೆ ಅರಳುತ್ತದೆ. ಪಕ್ಕಕ್ಕೆ ಬಾಗಿದರೆ ಪಕ್ಕೆಗಳು ಸಡಿಲವಾಗುತ್ತವೆ. ನಡುವೆ ಕೆಮ್ಮು ಬಂದರೆ ಒಳ್ಳೆಯದೇ, ಕಫ ಕದಲಿತೆಂದು ಅರ್ಥ. ಉಂಡ ಮೇಲೆ ತಲೆ ಕೆಳಗಾಗುವಂತಿಲ್ಲ, ಜಠರದ ಹುಳಿ ಗಂಟಲಿಗೆ ಬರುತ್ತದೆ. ಬೆವರಿದಷ್ಟೂ ನೀರಿನ ಜೊತೆ ಉಪ್ಪನ್ನೂ ತಿನ್ನಬೇಕು. ಕಫದಲ್ಲಿ ರಕ್ತ ಕಂಡರೆ ಎಲ್ಲ ನಿಲ್ಲಿಸಿ ವೈದ್ಯರ ಬಳಿಗೆ.

ಮೊದಲು ಒಂದು ತರಗತಿಗೆ ಸೇರಿದ್ದ. ಶವಾಸನದ ನಿಶ್ಶಬ್ದದಲ್ಲಿ ಇವನ ಕೆಮ್ಮು ಶುರುವಾಗುತ್ತಿತ್ತು. ಮೂರನೆಯ ದಿನ ಗುರುಗಳು "ಕೆಮ್ಮು ವಾಸಿಯಾದ ಮೇಲೆ ಬಾಪ್ಪ" ಎಂದರು. ವಾಸಿಯಾಗುವ ಕೆಮ್ಮಾದರೆ ಅವನು ಅಲ್ಲಿಗೆ ಏಕೆ ಹೋಗುತ್ತಿದ್ದ?

ಸಮಾನದುಃಖಿಗಳೆಲ್ಲ ಸೇರಿ ಒಂದು ತರಗತಿ ಮಾಡಿಕೊಳ್ಳಬಾರದೆ ಎಂದು ನಾನು ಕೇಳಿದೆ. ಆಗಲೇ ನನಗೆ ತಿಳಿದದ್ದು: ಈ ರೋಗದ ಇಬ್ಬರು ಒಂದೇ ಕೋಣೆಯಲ್ಲಿ ಕೂರುವಂತಿಲ್ಲ. ಒಬ್ಬರ ಎದೆಯ ರೋಗಾಣು ಇನ್ನೊಬ್ಬರಿಗೆ ಮುಳುವಾದೀತು. ಆದ್ದರಿಂದ ಮೂವರು ಗೆಳೆಯರು ಮೂರು ಊರುಗಳಲ್ಲಿ, ಭಾನುವಾರ ಕಂಪ್ಯೂಟರಿನ ಪರದೆಯ ಮುಂದೆ ಒಟ್ಟಿಗೆ ಚಾಪೆ ಹಾಸುತ್ತಾರೆ. ಒಬ್ಬರನ್ನೊಬ್ಬರು ಎದುರಾಎದುರು ಕಂಡಿಲ್ಲ. ಅಲ್ಲಿ ಕೆಮ್ಮಿದ್ದಕ್ಕೆ ಯಾರೂ ಕ್ಷಮೆ ಕೇಳುವುದಿಲ್ಲ.

ಕ್ಷಯದಿಂದ ನರಳಿದ ಬೆಳ್ಳೂರಿನ ಹುಡುಗ ಮೈಸೂರಿಗೆ ಬಂದು ಬಿ.ಕೆ.ಎಸ್. ಅಯ್ಯಂಗಾರ್ ಆದ ಕಥೆಯನ್ನು, ಮೇಷ್ಟರ ಚಾಳಿ ನೋಡಿ, ನಾನೂ ಅವನಿಗೆ ಹೇಳಿದೆ. "ಮಾವ, ಕ್ಷಯ ಹೊರಗಿನಿಂದ ಬಂದದ್ದು, ಹೊರಟುಹೋಗುತ್ತೆ. ನನ್ನದು ಜೀನಿನಲ್ಲೇ ಇದೆ. ಆಸನ ಅದನ್ನು ತಿದ್ದೋಲ್ಲ" ಎಂದ. ಆ ಜೀನು ಸಿಕ್ಕಿದ್ದು 1989ರಲ್ಲಿ. ಅದರ ದೋಷವನ್ನು ಬಹುಮಟ್ಟಿಗೆ ಸರಿದೂಗಿಸುವ ಮೂರು ಮದ್ದುಗಳ ಜೋಡಣೆಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆತದ್ದು 2019ರಲ್ಲಿ. ಆಗ ಅಲ್ಲಿನ ಬೆಲೆ ವರ್ಷಕ್ಕೆ 3 ಲಕ್ಷ ಡಾಲರಿಗೂ ಮೇಲೆ.

ಬಂಧುಗಳೊಬ್ಬರು ಈಚೆಗೆ, ಯೋಗ ಹೇಗೂ ಇದೆಯಲ್ಲ, ಆ ಯಂತ್ರ ಗುಳಿಗೆಗಳನ್ನು ಬಿಟ್ಟು ನೋಡಬಾರದೆ ಎಂದರು. ಅಕ್ಕ ಅವರಿಗೆ ಕಾಫಿ ಕೊಟ್ಟಳು, ಉತ್ತರ ಕೊಡಲಿಲ್ಲ. ಕಳೆದ ತಿಂಗಳು ಕೊಳವೆಗೆ ಊದಿ ಶ್ವಾಸಕೋಶದ ಬಲ ಅಳೆಸಿಕೊಂಡು ಬಂದವನನ್ನು "ಏನಾಯ್ತೋ?" ಎಂದು ಬಾಗಿಲಲ್ಲೇ ಕೇಳಿದಳು.

"ಹೋದ ವರ್ಷದಷ್ಟೇ ಇದೆಯಮ್ಮ. ಇಳಿದಿಲ್ಲ."

ಆ ಸಂಜೆ ಅಕ್ಕ ಪಾಯಸ ಮಾಡಿದಳು.