ಮುತ್ಯಾನ ಪಗಾರ

ನಮ್ಮ ಕಡೆ ವೃದ್ಧಾಪ್ಯ ವೇತನವನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ಅದಕ್ಕೆ ‘ಪಗಾರ’ ಎನ್ನುತ್ತಾರೆ. ದುಡಿದವನಿಗೆ ಸಲ್ಲುವುದು ಪಗಾರ. ನಮ್ಮ ಮುತ್ಯಾ ಎಂಟನೆಯ ವಯಸ್ಸಿನಲ್ಲಿ ಬನಹಟ್ಟಿಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತವನು, ಅರವತ್ತು ವರ್ಷ ಸೀರೆ ನೇಯ್ದು, ಕಣ್ಣು ಮಂಜಾದ ಮೇಲೆಯೇ ಎದ್ದವನು. ಸರಕಾರದ ಹಣವನ್ನು ಯಾರಾದರೂ ದಾನವೆಂದು ಹೇಳಿದ್ದರೆ ಆತ ಅದನ್ನು ಮುಟ್ಟುತ್ತಿರಲಿಲ್ಲವೆಂದೇ ನನ್ನ ನಂಬಿಕೆ.

ನಮ್ಮ ರಾಜ್ಯದಲ್ಲಿ ವೃದ್ಧಾಪ್ಯ ವೇತನ 1965ರಷ್ಟು ಹಿಂದೆಯೇ ಆರಂಭವಾಗಿತ್ತು. 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ಬಂದಾಗ ಸಣ್ಣ ರೈತರು, ಕೃಷಿ ಕಾರ್ಮಿಕರು, ಮೀನುಗಾರರ ಜೊತೆಗೆ ನೇಕಾರರ ಹೆಸರೂ ಅದರಲ್ಲಿ ಸೇರಿತು. 65 ವರ್ಷ ತುಂಬಿದ ಬಡವರಿಗೆ ತಿಂಗಳಿಗೆ 400 ರೂಪಾಯಿ. ಮುತ್ಯಾನಿಗೆ ಆಗ ಅರವತ್ತೆಂಟು.

ಆ ದಿನಗಳಲ್ಲಿ ಹಣ ಮನಿಯಾರ್ಡರಿನ ಮೂಲಕ ಬರುತ್ತಿತ್ತು. ಟಪಾಲಿನವನು ಸೈಕಲ್ಲನ್ನು ಗೋಡೆಗೆ ಆನಿಸಿ, “ಮುತ್ಯಾ, ಪಗಾರ ಬಂತು ನೋಡು!” ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದನು. ಮುತ್ಯಾ ಗೋಡೆ ಹಿಡಿದು ಕಟ್ಟೆಗೆ ಬರುವನು. ಕಾಗದದ ಮೇಲೆ ಹೆಬ್ಬೆಟ್ಟು ಒತ್ತುವನು. ನೋಟುಗಳನ್ನು ಎರಡು ಸಲ ಎಣಿಸಿ, ಮೊಮ್ಮಕ್ಕಳಿಗೆ ಪುಠಾಣಿ ತರಲು ಹತ್ತು ರೂಪಾಯಿ ತೆಗೆದಿಟ್ಟು, ಉಳಿದುದನ್ನು ಅವ್ವನ ಕೈಗೆ ಕೊಡುವನು. ಆ ಒಂದು ದಿನ ಆತ ಮನೆಯ ಯಜಮಾನ. ಬೇರೆ ಓಣಿಗಳಲ್ಲಿ ಚಹಾದ ಹೆಸರಿನಲ್ಲಿ ಹತ್ತಿಪ್ಪತ್ತು ರೂಪಾಯಿ ಮುರಿದುಕೊಳ್ಳುವುದುಂಟೆಂದು ಕೇಳಿದ್ದೆ. ಹಳೆಯದೆಲ್ಲವೂ ಚಿನ್ನವಾಗಿತ್ತೆಂದು ನಾನು ಹೇಳಲಾರೆ.

ಮುಂದೆ ಹಣವು ನೇರವಾಗಿ ಬ್ಯಾಂಕಿನ ಖಾತೆಗೆ ಹೋಗತೊಡಗಿತು. ಖಾತೆಗೆ ಆಧಾರ್ ಸಂಖ್ಯೆಯೂ ಜೋಡಣೆಯಾಯಿತು. ನಡುವಿನ ಕೈಗಳು ತಪ್ಪಿದವು, ಪೂರ್ಣ ಹಣ ಜಮೆಯಾಯಿತು. ಇದು ದೊಡ್ಡ ಲಾಭವೇ ಸರಿ. ಆದರೆ ಮೊದಲು ಹಣವು ಮುದುಕನಿದ್ದಲ್ಲಿಗೆ ನಡೆದು ಬರುತ್ತಿತ್ತು. ಈಗ ಮುದುಕನು ಹಣವಿದ್ದಲ್ಲಿಗೆ ನಡೆಯಬೇಕಾಯಿತು. ನಡೆಯಲಾರದ ಮುದುಕನನ್ನು ಯಾರಾದರೂ ಕರೆದೊಯ್ಯಬೇಕು. ಅಪ್ಪ ಇಚಲಕರಂಜಿಯ ವಿದ್ಯುತ್ ಮಗ್ಗಗಳಲ್ಲಿ ದುಡಿಯುತ್ತಿದ್ದನು. ಉಳಿದವಳು ಅವ್ವ.

ಅವ್ವ ಮನೆಯಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಸುತ್ತಿದಷ್ಟಕ್ಕೇ ಕೂಲಿ. ಮುತ್ಯಾನನ್ನು ಟಂಟಂನಲ್ಲಿ ಕೂರಿಸಿಕೊಂಡು ಹೋದ ದಿನ ರಾಟಿ ಸುಮ್ಮನೆ ನಿಲ್ಲುತ್ತಿತ್ತು. ಮೊದಲ ಸಲ ಹೋದಾಗ ಯಂತ್ರವು ಮುತ್ಯಾನ ಹೆಬ್ಬೆಟ್ಟನ್ನು ಗುರುತಿಸಲಿಲ್ಲ. ಒರೆಸಿ ಒತ್ತಿದರು, ಬೇರೆ ಬೆರಳನ್ನಿಟ್ಟರು. ಇಲ್ಲ. ಅರವತ್ತು ವರ್ಷ ನೂಲು ಹಿಡಿದ ಬೆರಳು ಹೊಳೆಯ ಕಲ್ಲಿನಂತೆ ನುಣುಪಾಗಿತ್ತು. ಕಣ್ಣಿನಿಂದ ಗುರುತು ಹಿಡಿಯುವ ಯಂತ್ರವೂ ಉಂಟಂತೆ. ಅದು ಅಲ್ಲಿರಲಿಲ್ಲ, ಇದ್ದರೂ ಮುತ್ಯಾನ ಕಣ್ಣಿಗೆ ಪೊರೆ ಬಂದಿತ್ತು. ಯಂತ್ರದ ಮುಂದಿದ್ದ ಹುಡುಗಿ ತಾನೇ ತಪ್ಪು ಮಾಡಿದಂತೆ ಮುಖ ಸಣ್ಣದು ಮಾಡಿದಳು. ಮುತ್ಯಾ ನಕ್ಕು, “ನೂಲು ಬಟ್ಟಿನ ಗೆರಿ ತಿಂದೈತಿ, ಯವ್ವಾ. ನಮ್ಮ ಮಗ್ಗಕ್ಕ ಕೇಳು, ಅದು ಗುರುತ ಹಿಡೀತೈತಿ” ಎಂದನು.

ನಗುವುದಕ್ಕೆ ಆತನಿಗೆ ಸಾಧ್ಯವಾಯಿತು, ಅವ್ವನಿಗಾಗಲಿಲ್ಲ. ಮರಳಿ ಬರುವಾಗ ಅವಳು ಮಾತಾಡಲಿಲ್ಲ. ಯಾರೋ ಹೇಳಿದರೆಂದು, ಪಗಾರದ ಹಿಂದಿನ ರಾತ್ರಿ ಕುಸುಬಿ ಎಣ್ಣೆಯನ್ನು ಬೆಚ್ಚಗೆ ಮಾಡಿ ಆತನ ಹತ್ತೂ ಬೆರಳುಗಳಿಗೆ ತಿಕ್ಕುವ ಪದ್ಧತಿಯನ್ನು ಆರಂಭಿಸಿದಳು. ಕೆಲವು ತಿಂಗಳು ಯಂತ್ರ ಒಪ್ಪುತ್ತಿತ್ತು, ಕೆಲವು ತಿಂಗಳು ಇಲ್ಲ. ಒಪ್ಪದಿದ್ದಾಗ ಬ್ಯಾಂಕಿನ ಸಾಲಿನಲ್ಲಿ ನಿಲ್ಲಬೇಕು. ಗುರುತನ್ನು ಹೊಸದಾಗಿ ಬರೆಸಲು, ಹೆಸರಿನಲ್ಲಿ ಬಿದ್ದ ಒಂದಕ್ಷರ ಸರಿಪಡಿಸಲು ಮತ್ತೆ ಅಲೆಯಬೇಕು. ಆಗ ರಬಕವಿ-ಬನಹಟ್ಟಿ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ. ತಾಲ್ಲೂಕು ಕಚೇರಿಯ ಕೆಲಸಕ್ಕೆಲ್ಲ ಜಮಖಂಡಿಗೇ ಹೋಗಬೇಕು.

ನಾನು ನೂಲಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಹವ್ಯಾಸ ಬಿಡುವುದಿಲ್ಲವಾದ್ದರಿಂದ ಒಂದು ವರ್ಷ ಅವ್ವನ ಅಲೆದಾಟವನ್ನೂ ಬರೆದಿಟ್ಟೆ. ಹತ್ತೊಂಬತ್ತು ದಿನಗಳಾದವು. ಟಂಟಂ ಬಾಡಿಗೆ, ಝೆರಾಕ್ಸು, ತಪ್ಪಿದ ಕೂಲಿ ಎಲ್ಲವನ್ನೂ ಖರ್ಚಿನ ಕಡೆ ಹಾಕಿದೆ. ಆತನಿಗೆ ಸ್ನಾನ ಮಾಡಿಸಿದ್ದು, ರಾತ್ರಿ ಎರಡು ಸಲ ಎದ್ದು ಹೊರಗೆ ಕರೆದೊಯ್ದದ್ದು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಉಣ್ಣಿಸಿದ್ದು, ಇವನ್ನು ಯಾವ ಖಾನೆಯಲ್ಲಿ ಬರೆಯಬೇಕೆಂದು ತಿಳಿಯದೆ ಬಿಟ್ಟುಬಿಟ್ಟೆ. ಸರಕಾರದ ಅರ್ಜಿಯಲ್ಲಿಯೂ ಹುಡುಕಿದ್ದೆ. ಅರ್ಜಿದಾರನ ಹೆಸರಿಗೆ ಸ್ಥಳವಿತ್ತು, ವಯಸ್ಸಿಗಿತ್ತು, ವರಮಾನಕ್ಕಿತ್ತು. ನೋಡಿಕೊಳ್ಳುವವಳ ಹೆಸರಿಗೆ ಇರಲಿಲ್ಲ.

ಇದು ನಮ್ಮೊಂದೇ ಮನೆಯ ಮಾತಲ್ಲ. ಬೀಳಗಿ ತಾಲ್ಲೂಕಿನಲ್ಲಿರುವ ನನ್ನ ಸೋದರತ್ತೆಯ ಊರು ಆಲಮಟ್ಟಿಯ ಹಿನ್ನೀರಿಗೆ ಹೋಯಿತು. ಪುನರ್ವಸತಿ ಕೇಂದ್ರಕ್ಕೆ ಬಂದ ಮೇಲೆ ಒಂದು ಕಾಗದದಲ್ಲಿ ಹಳೆಯ ಊರು, ಇನ್ನೊಂದರಲ್ಲಿ ಹೊಸ ಊರು. ಪಗಾರ ನಾಲ್ಕು ತಿಂಗಳು ನಿಂತಿತು. ಅಲ್ಲಿಯೂ ಓಡಾಡಿದವಳು ಸೊಸೆಯೇ.

ಮುಧೋಳದ ನನ್ನ ಗೆಳೆಯನೊಬ್ಬನ ಮಗನಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಹುಡುಗನಿಗೆ ಹದಿನಾಲ್ಕು ವರ್ಷ. ತಾಯಿ ಇನ್ನೂ ಅವನನ್ನು ಎತ್ತಿಕೊಂಡೇ ಬಸ್ಸು ಹತ್ತುತ್ತಾಳೆ. ಹೆಚ್ಚಿನ ಆಸರೆ ಬೇಕಾದ ಅಂಗವಿಕಲರ ಆರೈಕೆಗೆ ಭತ್ಯೆಯಿರಬೇಕೆಂಬ ಮಾತು 2016ರ ಅಂಗವಿಕಲರ ಹಕ್ಕುಗಳ ಕಾನೂನಿನಲ್ಲಿಯೇ ಇದೆ. ನಮ್ಮ ರಾಜ್ಯದ 2024-25ರ ಆಯವ್ಯಯದಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ ಮೊದಲಾದ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ ಸಾರಿದರು. ಗೆಳೆಯ ಪತ್ರಿಕೆಯ ಆ ತುಣುಕನ್ನು ಕತ್ತರಿಸಿ ಹೆಂಡತಿಗೆ ಓದಿ ಹೇಳಿದನಂತೆ. ಅವಳು ಹಣದ ಮಾತೆತ್ತಲಿಲ್ಲ, “ನಮ್ಮ ಕೆಲಸಕ್ಕೂ ಒಂದು ಹೆಸರಿಟ್ಟರೇನು?” ಎಂದು ಕೇಳಿದಳಂತೆ. ಬರಿಯ ಮುಪ್ಪು ಆ ಪಟ್ಟಿಯಲ್ಲಿಲ್ಲ. ಇರಬೇಕಾಗಿತ್ತೆಂದು ನನಗೆ ಅನಿಸುತ್ತದೆ.

ಮುತ್ಯಾ 2022ರ ಮಾಘದ ಚಳಿಯಲ್ಲಿ ತೀರಿಕೊಂಡನು. ಪಗಾರ ಅಷ್ಟರಲ್ಲಿ 1,200 ರೂಪಾಯಿಗೆ ಏರಿತ್ತು. ದಿನಕರ್ಮಗಳೆಲ್ಲ ಮುಗಿದ ಮೇಲೆ ಪಾಸ್‌ಬುಕ್ಕು ನೋಡಿದರೆ ಆತ ಹೋದ ಮುಂದಿನ ತಿಂಗಳ ಹಣವೂ ಜಮೆಯಾಗಿತ್ತು. “ಸತ್ತವರ ರೊಕ್ಕ ನಮಗ್ಯಾಕ?” ಎಂದು ಅವ್ವ ಮರಣ ಪತ್ರವನ್ನು ಹಿಡಿದು ಕಚೇರಿಗೆ ಹೊರಟಳು. ನಾನೂ ಜೊತೆಗೆ ಹೋದೆ. ಕಾಗದ ತೆಗೆದುಕೊಂಡವರು, “ನೀವು ಇವರಿಗೆ ಏನಾಗಬೇಕು?” ಎಂದು ಕೇಳಿದರು. ಅವ್ವ ತುಸು ಹೊತ್ತು ಸುಮ್ಮನಿದ್ದು, “ಸೊಸಿ” ಎಂದಳು.

2023ರಲ್ಲಿ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬಂದಾಗ ಅವ್ವನ ಹೆಸರಿಗೆ ಮೊದಲ ಸಲ ಸರಕಾರದ ಹಣ ಜಮೆಯಾಯಿತು. ಆ ದಿನ ಅವಳು ಪಾಸ್‌ಬುಕ್ಕನ್ನು ನನ್ನಿಂದ ಎರಡು ಸಲ ಓದಿಸಿಕೊಂಡಳು. ಬರುವ ವರ್ಷ ಅವಳಿಗೆ 65 ತುಂಬುತ್ತದೆ. ಕಂಡಿಕೆ ಸುತ್ತಿದ ಅವಳ ಹೆಬ್ಬೆಟ್ಟನ್ನೂ ಯಂತ್ರವು ಈಗೀಗ ಒಪ್ಪುತ್ತಿಲ್ಲ. ಆಧಾರ್ ಕೇಂದ್ರಕ್ಕೆ ಕರೆದೊಯ್ಯಲು ಸೋಮವಾರ ಅಂಗಡಿಗೆ ರಜೆ ಕೇಳಿದ್ದೇನೆ. ಕುಸುಬಿ ಎಣ್ಣೆ ಮನೆಯಲ್ಲಿದೆ.